‘ಗ್ರಾಮ ಯಾತ್ರಾ’ಕ್ಕೆ 118 ಕೋಟಿ: ಚಿತ್ರದ ಧಾರಣೆ ಕಟ್ಟುವವರು ಯಾರು?

ತೋಟ_ನೀರ್ಚಾಲು

2025ರ ಮಾರ್ಚಿನಲ್ಲಿ ಎಂ. ಎಫ್. ಹುಸೇನರ ‘ಗ್ರಾಮ ಯಾತ್ರಾ’ ನ್ಯೂಯಾರ್ಕಿನ ಕ್ರಿಸ್ಟೀಸ್ ಏಲಂನಲ್ಲಿ 1.37 ಕೋಟಿ ಡಾಲರಿಗೆ ಹೋಯ್ತು. ನಮ್ಮ ಲೆಕ್ಕದಲ್ಲಿ ಸುಮಾರು 118 ಕೋಟಿ ರೂಪಾಯಿ. ಏಲಂನವರು ಮೊದಲೇ ಹಾಕಿದ್ದ ಅಂದಾಜು 25ರಿಂದ 35 ಲಕ್ಷ ಡಾಲರ್ ಮಾತ್ರ. ಅಡಿಕೆಯಾದ್ರೆ ಹೊಸತಿಗೆ ಇಷ್ಟು, ಸಿಂಗಲ್ ಚೋಲಿಗೆ ಇಷ್ಟು, ಡಬಲ್ ಚೋಲಿಗೆ ಇಷ್ಟು, ಪಟೋರಕ್ಕೆ ಇಷ್ಟು ಅಂತ ಒಂದೊಂದು ತರಕ್ಕೂ ಧಾರಣೆ ಬರ್ತದೆ. ಬದಿಯಡ್ಕದಲ್ಲಿ ಕೊಟ್ರೂ ಪುತ್ತೂರಲ್ಲಿ ಕೊಟ್ರೂ ದೊಡ್ಡ ವ್ಯತ್ಯಾಸ ಇಲ್ಲ. ಚಿತ್ರಕ್ಕೆ ಧಾರಣೆ ಎಲ್ಲಿಂದ ಬರ್ತದೆ? ಅಂದಾಜಿನ ನಾಲ್ಕು ಪಾಲು ಆದದ್ದು ಹೇಗೆ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಪಟ್ಟಿ_ಓದುಗ

ತೋಟದಣ್ಣ, ಚಿತ್ರಕ್ಕೆ ಪೇಟೆ ಎರಡು. ಕಲಾವಿದನ ಕೈಯಿಂದ ಗ್ಯಾಲರಿಗೆ, ಅಲ್ಲಿಂದ ಮೊದಲ ಗಿರಾಕಿಗೆ ಹೋಗುವುದು ಒಂದು. ಅಲ್ಲಿ ಬೆಲೆ ಹೇಳುವುದು ಗ್ಯಾಲರಿ, ಎಷ್ಟಕ್ಕೆ ಹೋಯಿತು ಎಂಬುದು ಹೊರಗೆ ಬರುವುದೇ ಇಲ್ಲ. ಕೊಂಡವರು ಮತ್ತೆ ಮಾರುವುದು ಎರಡನೆಯದು, ಏಲಂ ಅದರಲ್ಲಿ ಒಂದು ಭಾಗ. ಪೇಪರಲ್ಲಿ ಬರುವ ಸಂಖ್ಯೆಗಳೆಲ್ಲ ಈ ಒಂದು ಭಾಗದವು. ಹಾಗಾಗಿ ನಮಗೆ ಕಾಣುವ ಬೆಲೆ ಪೇಟೆಯ ಸಣ್ಣ ತುಂಡು.

‘ಗ್ರಾಮ ಯಾತ್ರಾ’ 1954ರ ಚಿತ್ರ. ಹದಿಮೂರು ದೃಶ್ಯಗಳು, ಉದ್ದ ಸುಮಾರು 14 ಅಡಿ. ಅದೇ ವರ್ಷ ದೆಹಲಿಯಲ್ಲಿ ಒಬ್ಬ ವೈದ್ಯರು ಕೊಂಡು ನಾರ್ವೆಗೆ ಒಯ್ದರು, ಆಮೇಲೆ ಅದು ಓಸ್ಲೋದ ಆಸ್ಪತ್ರೆಯೊಂದರ ಗೋಡೆಯ ಮೇಲಿತ್ತು. ಎಪ್ಪತ್ತು ವರ್ಷ ಪೇಟೆಗೆ ಬಂದಿರಲಿಲ್ಲ. ಎಲ್ಲೆಲ್ಲಿ ಇತ್ತು ಎಂಬುದು ಪೂರ್ತಿ ಗೊತ್ತಿರುವ, ನಡುವೆ ಮತ್ತೆ ಮಾರಾಟವಾಗದ, ಸಾಚಾತನದ ಬಗ್ಗೆ ಪ್ರಶ್ನೆಯೇ ಇಲ್ಲದ ಸರಕಿಗೆ ಏಲಂನಲ್ಲಿ ತೂಕ ಜಾಸ್ತಿ. ಇನ್ನು ಅಂದಾಜನ್ನು ಬೇಕೆಂದೇ ಕೆಳಗೆ ಇಡುವ ಕ್ರಮ ಉಂಟು. 25 ಲಕ್ಷ ಅಂದರೆ ಇಪ್ಪತ್ತು ಜನ ಕೈ ಎತ್ತುವ ಧೈರ್ಯ ಮಾಡ್ತಾರೆ, 1 ಕೋಟಿ ಅಂತ ಶುರು ಮಾಡಿದರೆ ಇಬ್ಬರೂ ಬರಲಿಕ್ಕಿಲ್ಲ. ಕೊನೆಯ ಬೆಲೆ ನಿಲ್ಲುವುದು ಸೋತವನು ಬಿಟ್ಟ ಜಾಗದಿಂದ ಒಂದು ಮೆಟ್ಟಿಲು ಮೇಲೆ. ಹಟ ಬಿಡದ ಇಬ್ಬರು ಸಾಕು.

ಅಂದಾಜಿನಲ್ಲೇ ಒಂದು ಕಣ್ಕಟ್ಟು ಉಂಟು, ಇದನ್ನು ಎಲ್ಲರೂ ತಿಳಿದಿರಬೇಕು. ಏಲಂನ ಪಟ್ಟಿಯಲ್ಲಿ (ಕ್ಯಾಟಲಾಗ್) ಅಚ್ಚಾಗುವ ಅಂದಾಜಿಗೆ ಕೊಳ್ಳುವವರ ಪ್ರೀಮಿಯಂ, ಅಂದರೆ ಕೂಗಿನ ಬೆಲೆಯ ಮೇಲೆ ಏಲಂನವರು ಕೊಳ್ಳುವವರಿಂದ ತೆಗೆಯುವ ಹೆಚ್ಚಿನ ದುಡ್ಡು, ಸೇರಿರುವುದಿಲ್ಲ. ಏಲಂ ಮುಗಿದ ಮೇಲೆ ಪ್ರಕಟಿಸುವ ಬೆಲೆಗೆ ಸೇರಿರುತ್ತದೆ. ಅಂದಾಜು 80 ಲಕ್ಷದಿಂದ 1.2 ಕೋಟಿ ಅಂತಿಟ್ಟುಕೊಳ್ಳಿ. ಹ್ಯಾಮರ್ ಬಿದ್ದದ್ದು (ಕೂಗು ನಿಂತದ್ದು) 1.05 ಕೋಟಿಗೆ, ಅಂದರೆ ಅಂದಾಜಿನ ಒಳಗೇ. ಪ್ರೀಮಿಯಂ ಶೇ 20, ಅಂದರೆ 21 ಲಕ್ಷ. ಒಟ್ಟು 1.26 ಕೋಟಿ. ಮರುದಿನದ ಸುದ್ದಿಯಲ್ಲಿ “ಅಂದಾಜನ್ನೂ ಮೀರಿದ ಬೆಲೆ” ಅಂತ ಬರ್ತದೆ. ಮೀರಿಲ್ಲ. ಪ್ರೀಮಿಯಂ ಕಳೆದು ನೋಡಿದರೆ ನಿಜ ಬೆಲೆ ಕಾಣ್ತದೆ. ಮಾರಿದವನ ಕೈಗೆ ಅಷ್ಟೂ ಬರುವುದಿಲ್ಲ: 1.05 ಕೋಟಿಯಲ್ಲಿ ಶೇ 10 ಕಮಿಷನ್ ಹಿಡಿದರೆ ಉಳಿಯುವುದು 94.5 ಲಕ್ಷ, ಅದರಿಂದ ವಿಮೆ, ಫೋಟೊ, ಸಾಗಾಟದ ಖರ್ಚೂ ಹೋಗಬಹುದು. ಒಂದೇ ಚಿತ್ರ, ದುಡ್ಡು ಕೊಟ್ಟವನಿಗೂ ದುಡ್ಡು ಪಡೆದವನಿಗೂ ನಡುವೆ 31 ಲಕ್ಷಕ್ಕಿಂತ ಹೆಚ್ಚಿನ ಅಂತರ. “ಚಿತ್ರದ ಬೆಲೆ ಎಷ್ಟು” ಅಂತ ಕೇಳುವಾಗ ಯಾವ ಕಡೆಯ ಬೆಲೆ ಅಂತ ಮೊದಲು ಕೇಳಬೇಕು.

ಉಪ್ಪಳ_ಉದಯ

ಪಟ್ಟಿ ಸರ್, ಕೂಗುವವರು ಇಲ್ಲದಿದ್ದರೂ ಏಲಂನವರೇ ಕೂಗಿಸ್ತಾರೆ ಅಂತ ಕೇಳಿದ್ದೇನೆ. ಹೌದಾ?

ಪಟ್ಟಿ_ಓದುಗ

ಹೌದು, ಒಂದು ಮಿತಿಯವರೆಗೆ. ಮಾರುವವನು ಗುಟ್ಟಾಗಿ ಒಂದು ರಿಸರ್ವ್ ಬೆಲೆ ಹೇಳಿರ್ತಾನೆ, ಅದಕ್ಕಿಂತ ಕೆಳಗೆ ಕೊಡುವುದಿಲ್ಲ ಅಂತ. ರಿಸರ್ವ್ ಸಾಮಾನ್ಯವಾಗಿ ಅಂದಾಜಿನ ಕೆಳತುದಿಗಿಂತ ಮೇಲೆ ಇರಬಾರದು. ರಿಸರ್ವ್ 80 ಲಕ್ಷ, ಕೂಗು ಶುರುವಾದದ್ದು 40ಕ್ಕೆ ಅಂತಿಟ್ಟುಕೊಳ್ಳಿ. ಆ 40ರಿಂದ 80ರ ನಡುವೆ ಏಲಂ ಕೂಗುವವನು ಮಾರುವವನ ಪರವಾಗಿ ತಾನೇ 45, 50, 55 ಅಂತ ಹೇಳ್ತಾ ಹೋಗಬಹುದು. ಎದುರಿಗೆ ಯಾರೂ ಕೈ ಎತ್ತಿರುವುದಿಲ್ಲ. ತೂಗುದೀಪ ನೋಡಿ ಕೂಗುವುದು ಎಂದು ಆ ಕಸುಬಿನವರು ಇದಕ್ಕೆ ಹೆಸರಿಟ್ಟಿದ್ದಾರೆ. ಷರತ್ತುಗಳ ಪುಟದಲ್ಲಿ ಬರೆದೇ ಇರ್ತದೆ, ಮುಚ್ಚಿಟ್ಟ ಕೆಲಸ ಅಲ್ಲ. ರಿಸರ್ವ್ ದಾಟಿದ ಮೇಲೂ ಹೀಗೆ ಮಾಡಿದರೆ ಅದು ಮೋಸ.

ನೋಡುವವರಿಗೆ ಪೈಪೋಟಿ ಬಿಸಿಯಾಗಿರುವ ಹಾಗೆ ಕಾಣ್ತದೆ, ಮೊದಲ ನಿಜ ಸವಾಲು ಹಾಕುವವನು ತನ್ನ ಮುಂದೆ ಆಗಲೇ ನಾಲ್ಕು ಜನ ಇದ್ದಾರೆ ಅಂದ್ಕೊಳ್ತಾನೆ. ಕೊನೆಗೆ ರಿಸರ್ವ್ ತಲುಪದಿದ್ದರೆ ಚಿತ್ರ ಮಾರಾಟವಾಗದೆ ಉಳೀತದೆ. ಹಾಗೆ ಉಳಿದ ಚಿತ್ರಕ್ಕೆ ಕಳಂಕ ಅಂಟಿಕೊಳ್ತದೆ, ಎರಡು ಮೂರು ವರ್ಷ ಮತ್ತೆ ಹೊರಗೆ ತರುವ ಹಾಗಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಮಾರಾಟವಾಗದ್ದನ್ನು ಬಿಟ್ಟೇ ಸರಾಸರಿ ತೆಗೀತಾರೆ ಎಂಬುದನ್ನೂ ಗಮನಿಸಿ. ಒಬ್ಬ ಕಲಾವಿದನ 10 ಚಿತ್ರ ಬಂದು 6 ಮಾತ್ರ ಹೋದರೆ, ಆ ಆರರ ಸರಾಸರಿಯನ್ನೇ “ಇವರ ಪೇಟೆ ಬೆಲೆ” ಅಂತ ತೋರಿಸ್ತಾರೆ. ಹೋಗದ ನಾಲ್ಕು ಲೆಕ್ಕದಲ್ಲೇ ಇಲ್ಲ.

ಇನ್ನೊಂದು ವಿಷಯ ಗ್ಯಾರಂಟಿಯದ್ದು. ದೊಡ್ಡ ಚಿತ್ರ ತರಿಸಿಕೊಳ್ಳಲಿಕ್ಕೆ ಏಲಂ ಸಂಸ್ಥೆ ಮಾರುವವನಿಗೆ “ಏನೇ ಆದರೂ ಇಷ್ಟು ನಿಮಗೆ ಗ್ಯಾರಂಟಿ” ಅಂತ ಮಾತು ಕೊಡ್ತದೆ. ಆ ನಷ್ಟದ ಭಯವನ್ನು ಮೂರನೆಯವನೊಬ್ಬನ ತಲೆಗೆ ದಾಟಿಸ್ತದೆ. ಯಾರೂ ಮೇಲೆ ಹೋಗದಿದ್ದರೆ ಅವನು ಒಪ್ಪಿದ ಬೆಲೆಗೆ ಕೊಳ್ಳಬೇಕು, ಹೋದರೆ ಮೇಲಿನ ಲಾಭದಲ್ಲಿ ಅವನಿಗೂ ಪಾಲು. ಅಂದರೆ ಏಲಂ ಶುರುವಾಗುವ ಮೊದಲೇ ಚಿತ್ರ ಮಾರಾಟವಾಗಿರ್ತದೆ. ಪಟ್ಟಿಯಲ್ಲಿ ಚಿತ್ರದ ಸಂಖ್ಯೆಯ ಹತ್ತಿರ ಒಂದು ಸಣ್ಣ ಗುರುತು ಹಾಕಿರ್ತಾರೆ, ಅದರ ಅರ್ಥ ಪುಸ್ತಕದ ಕೊನೆಯಲ್ಲಿ. ಆ ಗುರುತು ನೋಡದೆ ಬೆಲೆ ಓದಿದರೆ ಅರ್ಧ ಓದಿದ ಹಾಗೆ. ಲಿಯೊನಾರ್ಡೊನದ್ದು ಎನ್ನುವ ‘ಸಾಲ್ವತೋರ್ ಮುಂಡಿ’ 2017ರ ನವೆಂಬರಿನಲ್ಲಿ 45.03 ಕೋಟಿ ಡಾಲರಿಗೆ ಹೋಯಿತಲ್ಲ, ಅದಕ್ಕೂ ಸುಮಾರು 10 ಕೋಟಿ ಡಾಲರಿನ ಹೊರಗಿನವರ ಗ್ಯಾರಂಟಿ ಇತ್ತು. ಹ್ಯಾಮರ್ ಬಿದ್ದದ್ದು 40 ಕೋಟಿಗೆ, ಉಳಿದ 5.03 ಕೋಟಿ ಪ್ರೀಮಿಯಂ. ಹಲಗೆಯ ಮೇಲೆ ಬರೆದ ಅದೇ ಚಿತ್ರ 2005ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ 10 ಸಾವಿರ ಡಾಲರಿಗಿಂತ ಕಡಿಮೆಗೆ ಹೋಗಿತ್ತು. ಬದಲಾದದ್ದು ಅದು ಯಾರದ್ದು ಎಂಬ ಅಭಿಪ್ರಾಯ. ಆ ಅಭಿಪ್ರಾಯದ ಮೇಲೆ ತಜ್ಞರ ವಾದ ಇವತ್ತಿಗೂ ಮುಗಿದಿಲ್ಲ.

ಮಾಷ್ಟ್ರು_ಪೆರ್ಲ

ಇಷ್ಟು ಓದಿದ ಮೇಲೆ ಇಡೀ ವ್ಯವಹಾರವೇ ಕಪ್ಪು ಹಣ ಬಿಳಿ ಮಾಡುವ ದಾರಿ ಅಂತ ಅನಿಸ್ತದೆ. ಸೋದಬೀಸ್, ಕ್ರಿಸ್ಟೀಸ್ ಎರಡೂ ಸೇರಿ ಕಮಿಷನ್ ದರ ಹೊಂದಿಸಿಕೊಂಡದ್ದು ಅಮೆರಿಕದ ಕೋರ್ಟಿನಲ್ಲೇ ಸಾಬೀತಾಗಿದೆ. ಸೋದಬೀಸಿನ ಅಧ್ಯಕ್ಷರಾಗಿದ್ದ ಆಲ್ಫ್ರೆಡ್ ಟಾಬ್‌ಮನ್ 2002ರಲ್ಲಿ ಜೈಲಿಗೂ ಹೋದರು. ಗಿರಾಕಿಗಳಿಗೆ ಎರಡೂ ಸಂಸ್ಥೆಗಳು ಸೇರಿ 51.2 ಕೋಟಿ ಡಾಲರ್ ಕೊಡಬೇಕಾಯಿತು. ಹೀಗಿರುವಾಗ ಬೆಲೆಗೆ ಬೆಲೆ ಎಲ್ಲಿ?

ಪಟ್ಟಿ_ಓದುಗ

ಮಾಷ್ಟ್ರೇ, ಆ ಮೊಕದ್ದಮೆ ನಿಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಲೆಯೆಲ್ಲ ಗಾಳಿಯಲ್ಲಿ ಕಟ್ಟಿದ್ದು ಅಂದರೆ ನಾನು ಒಪ್ಪುವುದಿಲ್ಲ. ವಿ. ಎಸ್. ಗಾಯತೊಂಡೆಯವರನ್ನು ನೋಡಿ. ಅವರು ವರ್ಷಕ್ಕೆ ಐದಾರು ಚಿತ್ರಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ, 2001ರಲ್ಲಿ ತೀರಿಕೊಂಡರು, ಇನ್ನು ಹೊಸತು ಬರುವ ಹಾಗಿಲ್ಲ. 2013ರ ಡಿಸೆಂಬರಿನಲ್ಲಿ ಮುಂಬಯಿಯ ಕ್ರಿಸ್ಟೀಸ್ ಏಲಂನಲ್ಲಿ ಅವರ ಒಂದು ಚಿತ್ರ 23.7 ಕೋಟಿಗೆ ಹೋಯಿತು. 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಅವರ ದೊಡ್ಡ ಪ್ರದರ್ಶನ. 2021ರಲ್ಲಿ 39.98 ಕೋಟಿ, 2025ರಲ್ಲಿ 67 ಕೋಟಿ. ಕಡಿಮೆ ಸಂಖ್ಯೆ, ಮ್ಯೂಸಿಯಂನ ಮನ್ನಣೆ, ಬರೆದಿಟ್ಟ ಅಧ್ಯಯನ, ಮೂರೂ ಗಟ್ಟಿ ಕಾರಣಗಳು. ಮ್ಯೂಸಿಯಂ ಪ್ರದರ್ಶನದ ಸುಳಿವು ಮೊದಲೇ ಸಿಕ್ಕಿದವರು ಮೊದಲೇ ಕೊಂಡಿಡ್ತಾರೆ. ಷೇರು ಪೇಟೆಯಲ್ಲಾದರೆ ಒಳಗಿನ ಸುದ್ದಿಯ ಮೇಲೆ ವ್ಯಾಪಾರ ಮಾಡುವುದು ಅಪರಾಧ, ಇಲ್ಲಿ ಅಂಥ ಕಾನೂನಿಲ್ಲ. ನನಗೆ ದೊಡ್ಡ ದೋಷ ಕಾಣುವುದು ಅಲ್ಲಿ.

ಸಹಕಾರಿ_ಮುಳ್ಳೇರಿಯ

ಧಾರಣೆ ಹಿಡಿದು ನಿಲ್ಲಿಸುವ ವಿಷಯ ನಮ್ಮ ಕಡೆಯವರಿಗೆ ಹೊಸತಲ್ಲ. ಅಡಿಕೆ ಧಾರಣೆ ಬಿದ್ದಾಗ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಪೇಟೆಗೆ ಇಳಿದು ಕೊಳ್ತದೆ, ದರ ಹಲಗೆಯ ಮೇಲೆ ಬರೆದಿರ್ತದೆ, ಸದಸ್ಯರಿಗೆ ಲೆಕ್ಕ ಕೊಡ್ತದೆ. ಗ್ಯಾಲರಿಯೂ ಅದನ್ನೇ ಮಾಡ್ತದೆ, ಆದರೆ ಹೆಸರು ಹೇಳದೆ. ತನ್ನ ಕಲಾವಿದನ ಚಿತ್ರ ಏಲಂಗೆ ಬಂದಾಗ ಕೂಗು ಕೆಳಗೆ ನಿಂತರೆ ಗೋಡೆಯ ಮೇಲಿರುವ ಉಳಿದ ಚಿತ್ರಗಳ ಬೆಲೆಯೂ ಕುಸೀತದೆ. ಅದಕ್ಕೆ ಗ್ಯಾಲರಿಯವರು ತಮ್ಮ ಜನರನ್ನು ಕೂರಿಸಿ ತಾವೇ ಕೊಂಡುಬಿಡ್ತಾರೆ. 20 ಲಕ್ಷಕ್ಕೆ ತಾವೇ ಕೊಂಡದ್ದು ಸಾರ್ವಜನಿಕ ದಾಖಲೆ ಆಗ್ತದೆ, ಆ ದಾಖಲೆ ತೋರಿಸಿ ಒಳಗಿರುವ 15 ಚಿತ್ರಗಳನ್ನು 20ರಂತೆ ಮಾರಬಹುದು. ಏಲಂಗೆ ಹಾಕಿದ್ದೂ ತಾವೇ ಆಗಿದ್ದರೆ ಕೈಯಿಂದ ಹೋದದ್ದು ಪ್ರೀಮಿಯಂ ಮತ್ತು ಕಮಿಷನ್ ಮಾತ್ರ.

ಕೊಳ್ಳುವವರನ್ನೂ ಆರಿಸ್ತಾರೆ. ಬೇಡಿಕೆ ಇರುವ ಕಲಾವಿದನ ಚಿತ್ರ ದುಡ್ಡು ಹಿಡಿದು ಹೋದವರಿಗೆಲ್ಲ ಸಿಗುವುದಿಲ್ಲ, ಕಾಯುವ ಪಟ್ಟಿ ಇರ್ತದೆ. ಮ್ಯೂಸಿಯಂಗಳಿಗೆ, ಹೆಸರಿರುವ ಸಂಗ್ರಾಹಕರಿಗೆ ಮೊದಲು, ಅವರಿಗೆ ರಿಯಾಯಿತಿ ಕೂಡ. ವರ್ಷದೊಳಗೆ ಏಲಂಗೆ ಹಾಕುವವನು ಅಂತ ಗೊತ್ತಾದರೆ ಮುಂದೆ ಅವನಿಗೆ ಬಾಗಿಲು ಮುಚ್ಚಿದ ಹಾಗೇ.

ಡೇಮಿಯನ್ ಹರ್ಸ್ಟ್ 2007ರಲ್ಲಿ ಮಾಡಿದ ವಜ್ರದ ತಲೆಬುರುಡೆ (ವಜ್ರಗಳು 8,601) 5 ಕೋಟಿ ಪೌಂಡಿಗೆ ಹೋಯಿತೆಂದು ಆಗ ಲೋಕಕ್ಕೆಲ್ಲ ಸುದ್ದಿ. ಕೊಂಡ ಗುಂಪಿನಲ್ಲಿ ಕಲಾವಿದರೂ ಅವರ ಗ್ಯಾಲರಿಯೂ ಇದ್ದರು. ಅದು ಮಾರಾಟವಾಗಿರಲಿಲ್ಲ ಎಂದು 2022ರಲ್ಲಿ ಅವರೇ ಹೇಳಿದರು. ಹದಿನೈದು ವರ್ಷ ಆ 5 ಕೋಟಿಯ ಸಂಖ್ಯೆ ಉಳಿದ ಕೆಲಸಗಳಿಗೆ ಏಣಿಯಾಗಿ ನಿಂತಿತ್ತು.

ನಮ್ಮ ದೇಶದ್ದೂ ಉಂಟು. ತೈಯಬ್ ಮೆಹ್ತಾರ ‘ಮಹಿಷಾಸುರ’ 2005ರಲ್ಲಿ 10 ಲಕ್ಷ ಡಾಲರ್ ದಾಟಿದ ಮೇಲೆ ಚಿತ್ರಗಳಿಗೆ ಚಿನ್ನದ ಹಾಗೆ ಜನ ಮುಗಿಬಿದ್ದರು. 2006ರಲ್ಲಿ ಒಂದು ಕಲಾ ನಿಧಿ (ಹಲವರ ದುಡ್ಡು ಸೇರಿಸಿ ಚಿತ್ರ ಕೊಳ್ಳುವ ಫಂಡ್) 102 ಕೋಟಿ ರೂಪಾಯಿ ಸಂಗ್ರಹಿಸಿತು, ಅವಧಿ ಮೂರು ವರ್ಷ. ನಿಧಿ ನಡೆಸಿದ ಗುಂಪೇ ಏಲಂ ಕೂಡ ನಡೆಸ್ತಿತ್ತು. 2008ರ ಕುಸಿತದಲ್ಲಿ ಕೊಳ್ಳುವವರು ಮಾಯ, 2009ರಲ್ಲಿ ದುಡ್ಡು ವಾಪಸು ಕೊಡಲಾಗಲಿಲ್ಲ. 2013ರಲ್ಲಿ ಷೇರು ಪೇಟೆಯ ನಿಯಂತ್ರಕ ಸೆಬಿ ಇದು ನೋಂದಣಿ ಇಲ್ಲದ ಸಾಮೂಹಿಕ ಹೂಡಿಕೆ ಅಂತ ಹೇಳಿ ಹಣ ಹಿಂತಿರುಗಿಸಲು ಆದೇಶಿಸಿತು. ಚಿತ್ರಕ್ಕೆ ಪ್ರತಿದಿನದ ಧಾರಣೆ ಇಲ್ಲ. ಹಾಗಾಗಿ ನಿಧಿಯ ಮೌಲ್ಯ ಅಂದರೆ ಯಾರೋ ಒಬ್ಬರು ಬರೆದ ಅಂದಾಜು. ಇವತ್ತೂ ಯಾರಾದರೂ “ಚಿತ್ರದಲ್ಲಿ ವರ್ಷಕ್ಕೆ ಶೇ 20 ಖಂಡಿತ” ಅಂತ ಮನೆಗೆ ಬಂದರೆ, ಮೌಲ್ಯ ಬರೆಯುವವರು ಯಾರು, ಅವರ ಸಂಬಳ ಯಾರದ್ದು ಅಂತ ಎರಡೇ ಪ್ರಶ್ನೆ ಕೇಳಿ.

ಕುಂಚ_ಮಂಜೇಶ್ವರ

ಕೋಟಿಗಳ ಮಾತು ಆಯ್ತು. ನಮ್ಮ ಕಡೆ ಯಕ್ಷಗಾನ, ತೆಯ್ಯಂ ಬರೆಯುವ ಹುಡುಗ ಹುಡುಗಿಯರಿಗೆ ಮೊದಲ ಬೆಲೆ ಹೇಳುವುದೇ ಕಷ್ಟ. ಕಾಞಂಗಾಡಿನಲ್ಲೋ ಮಂಗಳೂರಿನಲ್ಲೋ ಪ್ರದರ್ಶನ ಅಂದಾಗ ಬಾಯಿಗೆ ಬಂದ ಸಂಖ್ಯೆ ಬರೀತಾರೆ. ಅವರಿಗಾಗಿ ಲೆಕ್ಕ ಕೊಡ್ತೇನೆ.

ಚದರ ಇಂಚಿನ ಲೆಕ್ಕ: 16×20 ಇಂಚಿನ ಕ್ಯಾನ್ವಾಸ್ 320 ಚದರ ಇಂಚು. ಇಂಚಿಗೆ 40 ರೂಪಾಯಿ ಇಟ್ಟರೆ 12,800. ಗ್ಯಾಲರಿ ಶೇ 40 ತೆಗೆದರೆ ಕೈಗೆ 7,680. ಕ್ಯಾನ್ವಾಸ್, ಬಣ್ಣ, ಸಾಗಾಟ ಕಳೆದು ದಿನಗೂಲಿ ಹುಟ್ಟುವುದಿಲ್ಲ ಅಂತ ಕಂಡರೆ ದರ ತಪ್ಪಾಗಿದೆ ಅಂತಲೇ ಅರ್ಥ. ಈ ಕ್ರಮದ ತೊಂದರೆ ದೊಡ್ಡ ಚಿತ್ರದಲ್ಲಿ. 36×48 ಅಂದರೆ 1,728 ಚದರ ಇಂಚು, ಅದೇ ದರಕ್ಕೆ 69,120. ಅದೇ ಕಲಾವಿದನಿಗೆ ಅಷ್ಟು ಕೊಡುವವರಿಲ್ಲ. ಉದ್ದ ಅಗಲ ಕೂಡಿಸುವ ಇನ್ನೊಂದು ಲೆಕ್ಕ ಉಂಟು: 16+20=36, ಇಂಚಿಗೆ 355 ಅಂದರೆ 12,780. ದೊಡ್ಡದಕ್ಕೆ 36+48=84, ಅದೇ ದರದಲ್ಲಿ 29,820. ಇದರಲ್ಲಿ ದೊಡ್ಡ ಚಿತ್ರ ತೀರಾ ಸೋವಿಯಾಗ್ತದೆ. ನಡುದಾರಿ ಅಂದರೆ ಚದರ ಇಂಚನ್ನೇ ಹಿಡಿದು ಅಳತೆ ಹೆಚ್ಚಿದಂತೆ ದರ ಇಳಿಸುವುದು. 320ರವರೆಗೆ 40, 800ರವರೆಗೆ 32, ಅದರ ಮೇಲೆ 25, ಇಡೀ ಚಿತ್ರಕ್ಕೆ ಅದೊಂದೇ ದರ. ಆಗ 36×48 ಚಿತ್ರ 43,200ಕ್ಕೆ ನಿಲ್ತದೆ.

ಫ್ರೇಮಿನ ಬೆಲೆ ಚಿತ್ರದ ಬೆಲೆಯೊಳಗೆ ಸೇರಿಸಬೇಡಿ. 2,500ರ ಫ್ರೇಮ್ ಒಳಗೆ ಸೇರಿದ್ದರೆ ಅದರ ಮೇಲೂ ಶೇ 40, ಅಂದರೆ 1,000 ರೂಪಾಯಿ ಗ್ಯಾಲರಿಗೆ ಹೋಗ್ತದೆ. ಚೀಟಿಯಲ್ಲಿ ಬೇರೆ ಸಾಲು ಬರೆಯಿರಿ.

ಎಲ್ಲರೂ ಎಡವುವುದು ಮನೆಯಿಂದ ಕೊಡುವ ಬೆಲೆಯಲ್ಲಿ. ಗ್ಯಾಲರಿಯಲ್ಲಿ 12,800 ಅಂತ ಚೀಟಿ, ಮನೆಗೆ ಬಂದ ಪರಿಚಯದವರಿಗೆ 8,000. ಸುದ್ದಿ ಎರಡೇ ವಾರದಲ್ಲಿ ಹರಡ್ತದೆ, ಮುಂದೆ ಗ್ಯಾಲರಿಯಲ್ಲಿ ಯಾರೂ ಕೊಳ್ಳುವುದಿಲ್ಲ, ಗ್ಯಾಲರಿಯವರೂ ಕರೆಯುವುದಿಲ್ಲ. ಬೆಲೆ ಎಲ್ಲ ಕಡೆ ಒಂದೇ ಇರಲಿ. ಒಮ್ಮೆ ಏರಿಸಿದ್ದನ್ನು ಇಳಿಸಬೇಡಿ, ಮೊದಲು ಕೊಂಡವರ ಕೈಯಲ್ಲಿರುವುದರ ಬೆಲೆಯೂ ಇಳೀತದೆ. ಆದ್ದರಿಂದ ಏರಿಸುವಾಗಲೇ ಎಚ್ಚರ ಬೇಕು: ಇಟ್ಟದ್ದರಲ್ಲಿ ಹೆಚ್ಚಿನ ಪಾಲು ಹೋದರೆ ವರ್ಷಕ್ಕೊಮ್ಮೆ ಶೇ 10ರಿಂದ 15. ಖಾಯಂ ಗಿರಾಕಿಗೆ ಶೇ 10 ರಿಯಾಯಿತಿ ಕೊಡುವ ರೂಢಿ ಉಂಟು. ಅದು ಇಬ್ಬರ ಪಾಲಿನಿಂದಲೂ ಹೋಗಬೇಕು ಅಂತ ಒಪ್ಪಂದದಲ್ಲಿ ಬರೆಸಿ, ಇಲ್ಲದಿದ್ದರೆ ಪೂರ್ತಿ ನಿಮ್ಮ ತಲೆಗೆ ಬರ್ತದೆ. ಚಿತ್ರ ಒಪ್ಪಿಸುವಾಗ ಅಳತೆ, ಮಾಧ್ಯಮ, ವರ್ಷ, ಬೆಲೆ, ಕಮಿಷನ್, ಎಷ್ಟು ದಿನ ಇಡ್ತಾರೆ, ವಿಮೆ ಯಾರದ್ದು, ಮಾರಾಟವಾದ ಎಷ್ಟು ದಿನಕ್ಕೆ ದುಡ್ಡು ಅಂತ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಬೇಕು. ಬಾಯಿಮಾತಿನಲ್ಲಿ ಬಿಟ್ಟ ಚಿತ್ರ ಹೋಯಿತೋ ಉಳಿಯಿತೋ ತಿಳಿಯದೆ ಎಷ್ಟೋ ಮಕ್ಕಳು ಸೋತಿದ್ದಾರೆ, ಅದನ್ನು ನೋಡುವಾಗ ಸಂಕಟ ಆಗ್ತದೆ.

ಉಪ್ಪಳ_ಉದಯ

ಕುಂಚದಕ್ಕ, ಬಹಳ ಉಪಕಾರ. ಇನ್ನೊಂದು ಪ್ರಶ್ನೆ ಎಲ್ಲರಿಗೂ: ಇಲ್ಲಿನ ಹಳೆ ಗುತ್ತಿನ ಮನೆಗಳಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಉಂಟಲ್ಲ, ಅದಕ್ಕೆ ಕೋಟಿ ಬೆಲೆ ಅಂತ ಹೇಳಿಕೊಂಡು ಮಧ್ಯವರ್ತಿಗಳು ಬರ್ತಾರೆ. ನಿಜವಾ?

ಚೌಕಟ್ಟು

ಕೋಟಿ ಬೆಲೆ ರಾಜಾ ರವಿವರ್ಮರ ಕೈಯಲ್ಲಿ ಆದ ತೈಲಚಿತ್ರಕ್ಕೆ. ಮನೆಗಳಲ್ಲಿರುವುದು ಬಹುಪಾಲು ಅಚ್ಚಿನ ಪ್ರತಿ, ಓಲಿಯೊಗ್ರಾಫ್. 1894ರಲ್ಲಿ ಬೊಂಬಾಯಿಯಲ್ಲಿ ಶುರುವಾದ ಅವರ ಪ್ರೆಸ್ಸು ಆಮೇಲೆ ಲೋಣಾವಳದ ಹತ್ತಿರಕ್ಕೆ ಹೋಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಇಟ್ಟು ಸಾವಿರಗಟ್ಟಲೆ ಅಚ್ಚು ಹಾಕಿದ್ದಾರೆ. ಅವುಗಳ ಬೆಲೆ ಸ್ಥಿತಿಗೆ ತಕ್ಕ ಹಾಗೆ ಸಾವಿರಗಳಿಂದ ಲಕ್ಷದ ಲೆಕ್ಕ.

ಪರೀಕ್ಷೆಗೆ ವಾಚು ರಿಪೇರಿಯವರ 10 ಪಟ್ಟಿನ ಮಸೂರ ಸಾಕು. ಗಾಜು ತೆಗೆದು ಕೆನ್ನೆಯ ಬಣ್ಣದ ಮೇಲೆ ಹಿಡಿಯಿರಿ. ಹಳೆ ಕಲ್ಲಚ್ಚಿನಲ್ಲಿ ಚುಕ್ಕೆಗಳು ಅಡ್ಡಾದಿಡ್ಡಿ, ಒಂದು ದಪ್ಪ ಒಂದು ಸಣ್ಣ, ಮರಳು ಚೆಲ್ಲಿದ ಹಾಗೆ. ಸಾಲಾಗಿ, ಸಮ ಅಂತರದಲ್ಲಿ, ನಾಲ್ಕು ಬಣ್ಣದ ಚುಕ್ಕೆ ಸೇರಿ ಸಣ್ಣ ಹೂವಿನ ಹಾಗೆ ಕಂಡರೆ ಅದು ಈಚಿನ ಆಫ್‌ಸೆಟ್ ಅಚ್ಚು. ಅಂಚಿನಲ್ಲಿ ಪ್ರೆಸ್ಸಿನ ಹೆಸರಿನ ಸಾಲು ಉಳಿದಿದೆಯಾ ನೋಡಿ. ಫ್ರೇಮಿಗೆ ಹೊಂದಿಸಲಿಕ್ಕೆ ಅಂಚು ಕತ್ತರಿಸಿದ್ದರೆ ಬೆಲೆ ಇಳೀತದೆ. ಸೀರೆಯ ಮೇಲೆ ಜರಿ, ಮಣಿ ಹೊಲಿದದ್ದು ಹಾಗೇ ಇದ್ದರೆ ಬೇರೆಯೇ ಬೇಡಿಕೆ, ಕೀಳಬೇಡಿ. ದೇವರ ಕೋಣೆಯ ದೀಪದ ಮಸಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ವಾರ್ನಿಷ್ ಜೊತೆ ಬಣ್ಣವೂ ಬರ್ತದೆ. ನಮ್ಮ ಮಳೆಗಾಲಕ್ಕೆ ಗಾಜಿಗೆ ತಾಗಿದ ಕಾಗದ ಅಂಟಿ ಬೂಷ್ಟು ಹಿಡೀತದೆ, ಆಮ್ಲ ಇಲ್ಲದ ಬೋರ್ಡಿನ ಮೌಂಟ್ ಹಾಕಿ 3ರಿಂದ 4 ಮಿ.ಮೀ. ಸಂದು ಬಿಡಿ.

ಒಂದು ವೇಳೆ ನಿಜಕ್ಕೂ ತೈಲಚಿತ್ರವೇ ಆಗಿದ್ದರೆ ಹೊರದೇಶಕ್ಕೆ ಕೊಡುವ ಹಾಗಿಲ್ಲ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯಡಿ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್ ಸೇರಿ ಒಂಬತ್ತು ಜನರ ಕೃತಿಗಳು ರಾಷ್ಟ್ರದ ನಿಧಿ. ಇದೂ ಬೆಲೆಯನ್ನು ಪ್ರಭಾವಿಸ್ತದೆ: ಕೊಳ್ಳುವವರು ದೇಶದೊಳಗಿನವರು ಮಾತ್ರ. ಹಾಗಿದ್ದೂ 2023ರಲ್ಲಿ ಶೇರ್‌ಗಿಲ್ಲರ ಒಂದು ಚಿತ್ರ 61.8 ಕೋಟಿಗೆ ಹೋಯಿತು, ಅಂದರೆ ಒಳಗಿನ ಪೇಟೆಯೇ ಅಷ್ಟು ಬೆಳೆದಿದೆ.

ಲೆಕ್ಕ_ಕುಂಬಳೆ

ತೆರಿಗೆಯ ಮಾತು ಚುಟುಕಾಗಿ. ಮನೆಯ ಸಾಮಾನು ಅಂತ ಚಿತ್ರಕ್ಕೆ ವಿನಾಯಿತಿ ಇಲ್ಲ, ಮಾರಿದರೆ ಬಂಡವಾಳ ಲಾಭದ ತೆರಿಗೆ ಉಂಟು. 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡದ್ದಾದರೆ ಶೇ 12.5. ಕಲಾವಿದ ತನ್ನದೇ ಚಿತ್ರ ಮಾರಿದ್ದು ವೃತ್ತಿಯ ಆದಾಯ. ಕೈಯಿಂದ ಬರೆದ ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ. ಏಲಂನವರ ಪ್ರೀಮಿಯಂ ಮೇಲಿನ ಶೇ 18 ಬೇರೆ.

ಕಲಾವಿದರಿಗೆ ಗೊತ್ತಿಲ್ಲದ ಒಂದು ಹಕ್ಕು ಹೇಳಬೇಕು. ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಲ್ಲಿ, ಮೂಲ ಚಿತ್ರ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟ ಆದರೆ ಅದರಲ್ಲಿ ಕಲಾವಿದನಿಗೋ ವಾರಸುದಾರರಿಗೋ ಪಾಲು ಉಂಟು, ಶೇ 10 ಮೀರದ ಹಾಗೆ. ಆದರೆ ಮರುಮಾರಾಟದ ಸುದ್ದಿ ಕಲಾವಿದನಿಗೆ ತಲುಪುವುದೇ ಇಲ್ಲ.

ತೋಟ_ನೀರ್ಚಾಲು

ಹಾಗಾದರೆ ಕುಂಚದಕ್ಕ, ಊರಿನ ಹುಡುಗ ಇವತ್ತು 12,800ಕ್ಕೆ ಕೊಟ್ಟದ್ದು ಇಪ್ಪತ್ತು ವರ್ಷ ಕಳೆದು ಲಕ್ಷಕ್ಕೆ ಹೋದರೆ ಅವನು ಆ ಪಾಲು ಕೇಳಲಿಕ್ಕೆ ಈಗ ಏನು ಮಾಡಿಡಬೇಕು?

ಕುಂಚ_ಮಂಜೇಶ್ವರ

ಒಂದು ದಪ್ಪ ಪುಸ್ತಕ ಇಡಬೇಕು. ಪ್ರತಿ ಚಿತ್ರಕ್ಕೂ ಕ್ರಮಸಂಖ್ಯೆ, ಹೆಸರು, ಅಳತೆ, ಮಾಧ್ಯಮ, ಮುಗಿಸಿದ ತಾರೀಕು, ಕೊಂಡವರು, ಬೆಲೆ. ಅದೇ ಸಂಖ್ಯೆ ಕ್ಯಾನ್ವಾಸಿನ ಹಿಂಬದಿಯ ಮರದ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ. ಬಟ್ಟೆಯ ಮೇಲೆ ಬರೆದರೆ ಶಾಯಿ ಮುಂದಕ್ಕೆ ಇಳೀತದೆ. ಎದುರು ಮತ್ತು ಹಿಂಬದಿ ಎರಡರ ಫೋಟೊ ಇರಲಿ. ರಸೀದಿಯ ಎರಡು ಪ್ರತಿ ಮಾಡಿ, ಅದರಲ್ಲಿ “ಮರುಮಾರಾಟದಲ್ಲಿ 53ಎ ಪ್ರಕಾರದ ಪಾಲು ಕಲಾವಿದರಿಗೆ, ಕೃತಿಸ್ವಾಮ್ಯ ಕಲಾವಿದರದ್ದೇ” ಅಂತ ಒಂದು ಸಾಲು ಬರೆದು ಕೊಂಡವರ ಸಹಿ ಹಾಕಿಸಿ. ಯಾರಾದರೂ ದುಡ್ಡು ಕೊಟ್ಟು ಹೇಳಿ ಮಾಡಿಸಿಕೊಂಡ ಚಿತ್ರವಾದರೆ ಕೃತಿಸ್ವಾಮ್ಯ ಅವರ ಪಾಲಾಗ್ತದೆ, ಬೇಡ ಅಂತಿದ್ದರೆ ಮುಂಗಡ ತಗೊಳ್ಳುವ ಮೊದಲೇ ಬರೆಸಿಕೊಳ್ಳಬೇಕು. ಮುಂದೆ ನಕಲಿ ಬಂದರೂ, ಗ್ಯಾಲರಿ ಹಳೆ ಬೆಲೆ ಕೇಳಿದರೂ ತೆಗೆದು ತೋರಿಸಲಿಕ್ಕೆ ಇರುವುದು ಈ ಪುಸ್ತಕವೇ.